ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್: ನೀರು ಬೆರೆಸಬೇಕಾ, ಎಷ್ಟು ದಿನ, ಹಲ್ಲು ಕಂದಾಗೋದು ಯಾಕೆ?

ಚಿಗುರೆಲೆ_ಮೈಸೂರು (ಪ್ರಶ್ನೆ)

ಸ್ಕೇಲಿಂಗ್ (ಹಲ್ಲಿಗೆ ಗಟ್ಟಿಯಾಗಿ ಕಟ್ಟಿದ ಗಾರೆ ಕೆರೆದು ತೆಗೆಯೋದು) ಆದಮೇಲೆ ಕ್ಲೋರ್‌ಹೆಕ್ಸಿಡಿನ್ 0.2% ಮೌತ್‌ವಾಶ್ ಬರೆದುಕೊಟ್ಟಿದ್ದಾರೆ. ಚೀಟಿಯಲ್ಲಿ ಇರೋದು ಇಷ್ಟೇ: 10 ಮಿ.ಲೀ., ದಿನಕ್ಕೆ ಎರಡು ಸಲ, ಎರಡು ವಾರ. ಬಳಸೋರು ಮನೆಯ ಅಜ್ಜಿ, 62 ವರ್ಷ. ಬಿಪಿಗೂ ಥೈರಾಯ್ಡಿಗೂ ಮಾತ್ರೆ ನಡೀತಿದೆ. ಬೆಳಿಗ್ಗೆ ಎರಡು ಲೋಟ ಫಿಲ್ಟರ್ ಕಾಫಿ, ಊಟ ಆದಮೇಲೆ ಎಲೆ-ಅಡಿಕೆ. ಹೊಗೆಸೊಪ್ಪು ಇಲ್ಲ.

ಗೊತ್ತಾಗಬೇಕಿರೋದು: ಬ್ರಶ್ ಮಾಡೋಕೆ ಮುಂಚೆ ಹಾಕಬೇಕಾ, ಆಮೇಲಾ? ಉರಿ ಅನ್ನಿಸಿದರೆ ನೀರು ಬೆರೆಸಬಹುದಾ? ನಮ್ಮ ಬಡಾವಣೆಗೆ ಬರೋದು ಬೋರ್‌ವೆಲ್ ನೀರು, ತುಂಬಾ ಗಡಸು. ಉಗಿದಮೇಲೆ ನೀರಲ್ಲಿ ಬಾಯಿ ತೊಳೀಬೇಕಾ? ಎರಡು ವಾರ ಮುಗಿದಮೇಲೂ ಮುಂದುವರಿಸಿದರೆ ತಪ್ಪೇನು? ಗಂಟಲು ನೋವಿಗೆ ಅಂತ ತಂದಿಟ್ಟ ಬೆಟಾಡಿನ್ ಗಾರ್ಗಲ್ ಕೂಡ ಮನೇಲಿದೆ, ಎರಡೂ ಒಂದೇ ಕೆಲಸ ಮಾಡುತ್ತಾ? ಇದನ್ನ ಬಳಸಿದರೆ ಹಲ್ಲು ಕಂದಾಗುತ್ತೆ ಅಂತಾರೆ, ನಿಜವಾ?

ಒಸಡುನೋಟ

ಮೊದಲು ಅಳತೆಯಿಂದ ಶುರು ಮಾಡೋಣ, ಏಕೆಂದರೆ ಹೆಚ್ಚಿನವರು ತಪ್ಪೋದು ಅಲ್ಲೇ. 0.2% ಅಂದರೆ 10 ಮಿ.ಲೀ.ಯಲ್ಲಿ 20 ಮಿಲಿಗ್ರಾಂ ಔಷಧ. ಕೆಲವು ಬಾಟಲಿ 0.12% ಇರುತ್ತವೆ. ಅದರಲ್ಲಿ 15 ಮಿ.ಲೀ. ತಗೊಂಡರೆ 18 ಮಿಲಿಗ್ರಾಂ, ಅಂದರೆ ಹೆಚ್ಚುಕಡಿಮೆ ಅಷ್ಟೇ. 0.2% ಬಾಯಲ್ಲಿ ಪೂರ್ತಿ ಒಂದು ನಿಮಿಷ ಇರಬೇಕು, 0.12% ಗೆ 30 ಸೆಕೆಂಡು. ಗಡಿಯಾರ ನೋಡಿಕೊಂಡೇ ಮಾಡಿ. ಅಂದಾಜಿನ ಒಂದು ನಿಮಿಷ ಸಾಮಾನ್ಯವಾಗಿ ಇಪ್ಪತ್ತು ಸೆಕೆಂಡಿಗೇ ಮುಗಿದಿರುತ್ತದೆ. ದಿನಕ್ಕೆ 20 ಮಿ.ಲೀ., ಹದಿನಾಲ್ಕು ದಿನಕ್ಕೆ 280 ಮಿ.ಲೀ. ಬೇಕು. 150ರ ಬಾಟಲಿ ಎರಡು ತಂದರೆ ಸರಿಹೋಗುತ್ತದೆ. ಒಂದೇ ಬಾಟಲಿ ಎರಡು ವಾರ ಬಂತು ಅಂದರೆ ಅರ್ಧ ಅಳತೆ ಹಾಕಿಕೊಂಡಿದ್ದಾರೆ ಎಂದೇ ಅರ್ಥ.

ಈ 10 ಮಿ.ಲೀ., ಒಂದು ನಿಮಿಷದ ಲೆಕ್ಕ ಯಾರೋ ಸುಮ್ಮನೆ ಬರೆದದ್ದಲ್ಲ. 1970ರಲ್ಲಿ ಡೆನ್ಮಾರ್ಕಿನಲ್ಲಿ ಹೆರಾಲ್ಡ್ ಲೊಎ ಮತ್ತು ಶಿಯೊಟ್ ಎಂಬಿಬ್ಬರು ಇದೇ ಪ್ರಮಾಣದಲ್ಲಿ ದಿನಕ್ಕೆರಡು ಸಲ ಮುಕ್ಕಳಿಸಿದರೆ, ಬ್ರಶ್ ಮುಟ್ಟದಿದ್ದರೂ ಹಲ್ಲಿಗೆ ಪಾಚಿ ಕಟ್ಟದಂತೆ ತಡೆಯಬಹುದು ಅಂತ ತೋರಿಸಿದರು. ಇವತ್ತಿಗೂ ಬೇರೆ ಮೌತ್‌ವಾಶ್‌ಗಳನ್ನು ಇದರ ಪಕ್ಕ ಇಟ್ಟೇ ತೂಗುವುದು.

ಕೆಲಸ ಮಾಡುವ ಬಗೆ ಹೀಗೆ. ಕ್ಲೋರ್‌ಹೆಕ್ಸಿಡಿನ್ ಅಣುವಿಗೆ ಧನ ವಿದ್ಯುದಂಶ. ಬ್ಯಾಕ್ಟೀರಿಯಾದ ಹೊರಗೋಡೆ, ಹಲ್ಲಿನ ಮೇಲೆ ಜೊಲ್ಲು ಕಟ್ಟುವ ತೆಳು ಪೊರೆ, ಕೆನ್ನೆಯ ಒಳಚರ್ಮ, ಮೂರಕ್ಕೂ ಋಣ. ಹಾಗಾಗಿ ಅದು ಮೂರಕ್ಕೂ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾಕ್ಕೆ ಅಂಟಿದಾಗ ಅದರ ಪೊರೆ ಸೋರಿ ಒಳಗಿನ ಪೊಟ್ಯಾಷಿಯಂ ಹೊರಬರುತ್ತದೆ. ಪ್ರಮಾಣ ಹೆಚ್ಚಿದ್ದರೆ ಒಳಗಿನ ದ್ರವವೇ ಹೆಪ್ಪುಗಟ್ಟಿ ಅದು ಸಾಯುತ್ತದೆ. ಹಲ್ಲಿಗೂ ಕೆನ್ನೆಗೂ ಅಂಟಿದ್ದು ನಿಧಾನವಾಗಿ ಬಿಡುತ್ತಾ ಹೋಗುತ್ತದೆ. ಉಗಿದ ಮೇಲೂ ಸುಮಾರು ಶೇ. 30ರಷ್ಟು ಔಷಧ ಬಾಯಲ್ಲೇ ಉಳಿದು, ಎಂಟರಿಂದ ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ದಿನಕ್ಕೆ ಎರಡೇ ಸಲ ಸಾಕು ಅನ್ನುವುದು ಇದಕ್ಕೇ. ಸಿಕ್ಕಾಗಲೆಲ್ಲ ಹಾಕಿಕೊಂಡರೆ ಲಾಭ ಹೆಚ್ಚಲ್ಲ, ಕಲೆ ಹೆಚ್ಚು.

ಈಗ ನಿಮ್ಮ ಪ್ರಶ್ನೆ, ಬ್ರಶ್ಶಿಗೆ ಮುಂಚೆಯೋ ಆಮೇಲೋ. ಪೇಸ್ಟಿನಲ್ಲಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಇರುತ್ತದೆ, ಅದು ಋಣ ವಿದ್ಯುದಂಶದ್ದು. ಬಾಯಲ್ಲಿ ನೊರೆಯ ಪಸೆ ಇರುವಾಗಲೇ ಕ್ಲೋರ್‌ಹೆಕ್ಸಿಡಿನ್ ಹಾಕಿದರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಔಷಧ ಅಲ್ಲೇ ಸತ್ತಂತೆ. ಬ್ರಶ್ ಮಾಡಿ, ನೀರಲ್ಲಿ ಚೆನ್ನಾಗಿ ತೊಳೆದು, ಕನಿಷ್ಠ ಅರ್ಧ ಗಂಟೆ ಬಿಡಬೇಕು. ಕೊಳೆ ತೆಗೆಯದೆ ಮೇಲೆ ಔಷಧ ಸುರಿಯುವುದೂ ವ್ಯರ್ಥ, ಹಾಗಾಗಿ ಬ್ರಶ್ ಬಿಡುವ ಹಾಗಿಲ್ಲ.

ನಿಮ್ಮ ಮನೆಯವರ ದಿನಚರಿಗೆ ಹೊಂದಿಸಿ ಹೇಳುವುದಾದರೆ: ಎದ್ದ ಕೂಡಲೇ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ, ಬ್ರಶ್. ಮಾತ್ರೆ ಆಗಿ ಅರ್ಧ-ಮುಕ್ಕಾಲು ಗಂಟೆಗೆ ಕಾಫಿ, ಆಮೇಲೆ ತಿಂಡಿ. ತಿಂಡಿ-ಕಾಫಿ ಎಲ್ಲಾ ಮುಗಿದು, ಬರೀ ನೀರಲ್ಲಿ ಬಾಯಿ ತೊಳೆದು, ಆಮೇಲೆ ಮೌತ್‌ವಾಶ್. ಅಲ್ಲಿಂದ ಮುಂದೆ ಒಂದು ಗಂಟೆ ಏನೂ ಬೇಡ. ಎರಡನೇ ಲೋಟ ಕಾಫಿಯನ್ನು ಮೌತ್‌ವಾಶ್‌ಗೆ ಮುಂಚೆಯೇ ಮುಗಿಸಬೇಕು, ಇದೊಂದು ವಿಷಯದಲ್ಲಿ ರಾಜಿ ಬೇಡ. ರಾತ್ರಿ ಊಟ, ಬ್ರಶ್, ಅರ್ಧ ಗಂಟೆ ಬಿಟ್ಟು ಮೌತ್‌ವಾಶ್, ನೇರ ಹಾಸಿಗೆ. ನಿದ್ದೆಯಲ್ಲಿ ಜೊಲ್ಲು ಕಡಿಮೆ ಬರುವುದರಿಂದ ರಾತ್ರಿಯದು ಹೆಚ್ಚು ಹೊತ್ತು ನಿಲ್ಲುತ್ತದೆ. ಎರಡರಲ್ಲಿ ಒಂದು ತಪ್ಪುವುದೇ ಆದರೆ ಬೆಳಗಿನದು ತಪ್ಪಲಿ.

ಬಾಯಲ್ಲಿ ಹಾಕಿಕೊಂಡು ಸುಮ್ಮನೆ ತಲೆಯೆತ್ತಿ ಗಳಗಳ ಅನ್ನಿಸಿದರೆ ಒಸಡಿಗೆ ತಾಗುವುದಿಲ್ಲ, ಅದು ಗಂಟಲಿಗೆ. ತುಟಿ ಮುಚ್ಚಿ, ಕೆನ್ನೆ ಉಬ್ಬಿಸಿ-ಒಳಗೆಳೆದು, ದ್ರವ ಹಲ್ಲಿನ ಸಂದಿಯಲ್ಲಿ ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ನುಗ್ಗಬೇಕು. ಎಡಕ್ಕೆ, ಬಲಕ್ಕೆ, ಮುಂದಿನ ಹಲ್ಲಿಗೆ ತಲಾ ಇಪ್ಪತ್ತು ಸೆಕೆಂಡು. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆದಿಟ್ಟು ಮುಕ್ಕಳಿಸಿ. ಉಗಿದಮೇಲೆ ನೀರು ಹಾಕಬೇಡಿ. ನೀರು ಹಾಕಿದರೆ ಔಷಧವೂ ಹೋಗುತ್ತದೆ, ಮೇಲಾಗಿ ಕಹಿ ಇನ್ನೂ ಜಾಸ್ತಿ ಗೊತ್ತಾಗುತ್ತದೆ.

ಎರಡು ವಾರದ ಮಿತಿ ಯಾಕೆ ಅಂದರೆ, ಈ ಔಷಧ ಹಳೆಯ ಪಾಚಿಯ ಪದರದೊಳಗೆ ಇಳಿಯುವುದಿಲ್ಲ, ಒಸಡಿನ ಕೆಳಗಿನ ಸಂದಿಗೂ ಹೋಗುವುದಿಲ್ಲ. ಸ್ಕೇಲಿಂಗ್ ಆಗಿ ಹಲ್ಲು ಬೋಳಾಗಿದ್ದಾಗ, ಒಸಡು ನೋಯುತ್ತಾ ಬ್ರಶ್ ಸರಿಯಾಗಿ ಆಡಿಸಲಾಗದ ದಿನಗಳಲ್ಲಿ ಹೊಸ ಪಾಚಿ ಕೂರದಂತೆ ಕಾಯುವುದು ಇದರ ಕೆಲಸ. ಒಸಡು ಮಾಗಿದ ಮೇಲೆ ಆ ಕೆಲಸ ಬ್ರಶ್ಶಿನದು. ಗಾರೆ ಹಾಗೇ ಇಟ್ಟುಕೊಂಡು ಮೌತ್‌ವಾಶ್ ಹಾಕುತ್ತಾ ಹೋದರೆ ಒಳಗೆ ರೋಗ ಬೆಳೆಯುತ್ತಲೇ ಇರುತ್ತದೆ, ಬಾಯಿಂದ ಮಾತ್ರ ಒಳ್ಳೆಯ ವಾಸನೆ ಬರುತ್ತದೆ. ಇನ್ನೊಂದು ವಿಪರ್ಯಾಸ: ತಿಂಗಳುಗಟ್ಟಲೆ ಬಳಸುವವರಲ್ಲಿ ಒಸಡಿನ ಮೇಲ್ಭಾಗದ ಗಾರೆ ಕಡಿಮೆಯಾಗುವ ಬದಲು ಹೆಚ್ಚುತ್ತದೆ.

ಔಷಧದಂಗಡಿ_ಮಂಡ್ಯ

ಬಾಟಲಿ ವಿಷಯ ನಾನು ಹೇಳುತ್ತೇನೆ. ಮೌತ್‌ವಾಶ್ ಅನ್ನುವ ಒಂದೇ ಹೆಸರಲ್ಲಿ ಅಂಗಡಿ ಶೆಲ್ಫಿನಲ್ಲಿ ನಾಲ್ಕೈದು ಬೇರೆ ಬೇರೆ ಔಷಧ ಕೂತಿರುತ್ತವೆ. ಬಣ್ಣ ನೋಡಿ ತಗೊಳ್ಳಬೇಡಿ, ಹಿಂಬದಿಯ ಸಣ್ಣಕ್ಷರ ಓದಿ.

ಬೆಟಾಡಿನ್ ಅಂದರೆ ಪೊವಿಡೋನ್ ಅಯೋಡಿನ್. ಅದು ಅಯೋಡಿನ್ ಬಿಡುಗಡೆ ಮಾಡಿ ಕೊಲ್ಲುತ್ತದೆ, ವೈರಸ್-ಶಿಲೀಂಧ್ರಕ್ಕೂ ತಾಗುತ್ತದೆ, ಆದರೆ ಕ್ಲೋರ್‌ಹೆಕ್ಸಿಡಿನ್ ಹಾಗೆ ಹಲ್ಲಿಗೆ ಅಂಟಿ ನಿಲ್ಲುವುದಿಲ್ಲ. ಹಾಗಾಗಿ ಒಂದರ ಬದಲು ಇನ್ನೊಂದಲ್ಲ. ಗಾರ್ಗಲ್ ಬಾಟಲಿ 2% ಇದ್ದರೆ ಸಮ ಪ್ರಮಾಣ ನೀರು ಬೆರೆಸಿ 1% ಮಾಡಿಕೊಳ್ಳಬೇಕು: 5 ಮಿ.ಲೀ. ಔಷಧ, 5 ಮಿ.ಲೀ. ಬೆಚ್ಚನೆ ನೀರು, 30 ಸೆಕೆಂಡು. ನಿಮ್ಮ ಮನೆಯವರಿಗೆ ಥೈರಾಯ್ಡ್ ಇರುವುದರಿಂದ ಅದನ್ನು ಮುಟ್ಟದಿರುವುದೇ ಕ್ಷೇಮ. ಅಯೋಡಿನ್ ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಸೇರಿ ಥೈರಾಯ್ಡ್ ಲೆಕ್ಕ ತಪ್ಪಿಸಬಹುದು. ಬಸುರಿ-ಬಾಣಂತಿಯರಿಗೂ, ಅಯೋಡಿನ್ ಅಲರ್ಜಿ ಇರುವವರಿಗೂ, ಆರು ವರ್ಷದ ಒಳಗಿನವರಿಗೂ ಬೇಡ. ಇನ್ನೊಂದು ಎಚ್ಚರಿಕೆ: ಅದೇ ಕಂದು ಬಣ್ಣದ ಗಾಯಕ್ಕೆ ಹಚ್ಚುವ ದ್ರಾವಣದ ಸಾಮರ್ಥ್ಯ ಸಾಮಾನ್ಯವಾಗಿ 5% ಅಥವಾ 10%. ಎರಡೂ ಒಂದೇ ಕಪಾಟಿನಲ್ಲಿ ಇದ್ದರೆ ಬೇರೆ ಕಡೆ ಎತ್ತಿಡಿ. ಕತ್ತಲಲ್ಲಿ ಕೈಗೆ ಸಿಗುವುದು ಯಾವುದೋ.

ಹೈಡ್ರೋಜನ್ ಪೆರಾಕ್ಸೈಡ್‌ನಲ್ಲೂ ಇದೇ ಗೊಂದಲ. ಪರದೇಶದ ವಿಡಿಯೋಗಳಲ್ಲಿ "ಸಮ ನೀರು ಬೆರೆಸಿ" ಅಂತಾರೆ, ಅಲ್ಲಿಯದು 3%. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 6%, ಬಾಟಲಿಯ ಮೇಲೆ 20 ವಾಲ್ಯೂಮ್ ಅಂತ ಬರೆದಿರುತ್ತದೆ. 1.5%ಕ್ಕೆ ತರಬೇಕಾದರೆ ಒಂದು ಪಾಲಿಗೆ ಮೂರು ಪಾಲು ನೀರು. ಸಮ ನೀರು ಹಾಕಿದರೆ ಕೆನ್ನೆಯ ಒಳಗೆ ಬೆಳ್ಳಗೆ ಸುಟ್ಟಂತಾಗಬಹುದು. ವೈದ್ಯರು ಹೇಳದಿದ್ದರೆ ಅದರ ಸಹವಾಸವೇ ಬೇಡ.

ಲಿಸ್ಟರಿನ್ ಜಾತಿಯದು ಎಣ್ಣೆಗಳ ಬೆರಕೆ: ಥೈಮಾಲ್, ಯೂಕಲಿಪ್ಟಾಲ್, ಮೆಂಥಾಲ್, ಮೀಥೈಲ್ ಸ್ಯಾಲಿಸಿಲೇಟ್. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಓಮದ ಸತ್ವ, ನೀಲಗಿರಿ ಎಣ್ಣೆ, ಪುದೀನದ ಹರಳು, ಮಂಡಿನೋವಿನ ಬಾಮಿನಲ್ಲಿ ಬರುವ ಆ ವಾಸನೆ. 1879ರಲ್ಲಿ ಅಮೆರಿಕದಲ್ಲಿ ತಯಾರಾಗಿ, ಶಸ್ತ್ರಚಿಕಿತ್ಸೆಗೆ ಕ್ರಿಮಿನಾಶಕ ತಂದ ಜೋಸೆಫ್ ಲಿಸ್ಟರ್ ಹೆಸರು ಹೊತ್ತದ್ದು. ಅಳತೆ 20 ಮಿ.ಲೀ., 30 ಸೆಕೆಂಡು. ಮೂಲ ತಯಾರಿಕೆಯಲ್ಲಿ ಈ ಎಣ್ಣೆಗಳು ಕರಗಿ ನಿಲ್ಲಲು ಶೇ. 20ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುತ್ತದೆ, ಆಲ್ಕೋಹಾಲ್ ಇಲ್ಲದ್ದೂ ಬರುತ್ತದೆ. ಹಲ್ಲಿನ ಸೋಂಕಿಗೆ ಮೆಟ್ರೊನಿಡಜೋಲ್ ಮಾತ್ರೆ ನಡೆಯುತ್ತಿದ್ದರೆ ಆಲ್ಕೋಹಾಲ್ ಇರುವುದನ್ನು ಬಿಡಿ. ವಾಂತಿ, ಮುಖ ಕೆಂಪೇರುವುದು ಆಗಬಹುದು ಎಂಬ ಎಚ್ಚರಿಕೆ ಆ ಮಾತ್ರೆಯ ಚೀಟಿಯಲ್ಲೇ ಇದೆ. ಬಾಯಿ ಒಣಗುವ ತೊಂದರೆ ಇದ್ದವರಿಗೂ ಅದು ಬೇಡ.

ಸೆಟೈಲ್ ಪಿರಿಡಿನಿಯಂ ಕ್ಲೋರೈಡ್ ಅಂತ 0.05ರಿಂದ 0.1%ರವರೆಗೆ ಇರುವುದು ನಾಲ್ಕನೇ ಗುಂಪು. ಅದಕ್ಕೂ ಧನ ವಿದ್ಯುದಂಶವೇ, ಆದರೆ ಬಾಯಲ್ಲಿ ನಿಲ್ಲುವುದು ಮೂರರಿಂದ ಐದು ಗಂಟೆ. ಸೌಮ್ಯ, ಕಲೆಯೂ ಕಮ್ಮಿ, ಪರಿಣಾಮವೂ ಕಮ್ಮಿ.

ಮುಚ್ಚಳದಲ್ಲಿ ಅಳೆಯುವಾಗ ಗೆರೆ ಇದೆಯಾ ನೋಡಿ. ಇಲ್ಲದಿದ್ದರೆ 5 ಮಿ.ಲೀ.ಯ ಸಿರಪ್ ಚಮಚ ಎರಡು. ಮುಚ್ಚಳವನ್ನು ಬಾಯಿಗೆ ಕಚ್ಚಿ ಸುರಿದುಕೊಂಡು ಮತ್ತೆ ಬಾಟಲಿಗೇ ತಿರುಗಿಸುವುದು ಎಲ್ಲರ ಮನೆಯ ಅಭ್ಯಾಸ. ಎಂಜಲು ಒಳಗೆ ಹೋಗುತ್ತದೆ, ಬೇರೆ ಸಣ್ಣ ಲೋಟ ಇಟ್ಟುಕೊಳ್ಳಿ. ಬಾಟಲಿ ಬಚ್ಚಲುಮನೆ ಕಿಟಕಿಯ ಬಿಸಿಲಲ್ಲಿ ಬೇಡ. ತೆರೆದ ದಿನಾಂಕ ಪೆನ್ನಲ್ಲಿ ಬರೆದಿಡಿ.

ರಸಾಯನ_ಮೇಷ್ಟ್ರು

ಗಡಸು ನೀರಿನ ಪ್ರಶ್ನೆ ಯಾರೂ ಮುಟ್ಟಲಿಲ್ಲ, ನನಗೆ ಅದೇ ಸ್ವಾರಸ್ಯ.

ಕ್ಲೋರ್‌ಹೆಕ್ಸಿಡಿನ್ ನೀರಲ್ಲಿ ತಾನಾಗಿ ಹೆಚ್ಚು ಕರಗದು. ಗ್ಲೂಕೊನೇಟ್ ಎಂಬ ಲವಣವಾಗಿ ಮಾಡಿದ್ದರಿಂದ ಕರಗಿದೆ. ಅದರ ಕ್ಲೋರೈಡ್, ಸಲ್ಫೇಟ್, ಕಾರ್ಬೊನೇಟ್, ಫಾಸ್ಫೇಟ್ ಲವಣಗಳು ಕರಗುವುದು ಬಲು ಕಡಿಮೆ. ಗಡಸು ಬೋರ್‌ವೆಲ್ ನೀರಿನಲ್ಲಿ ಕ್ಲೋರೈಡ್, ಸಲ್ಫೇಟ್, ಕಾರ್ಬೊನೇಟ್ ಜಾತಿಯವು ಹೇರಳ. ಬೆರೆಸಿ ಸ್ವಲ್ಪ ಹೊತ್ತು ಬಿಟ್ಟರೆ ದ್ರಾವಣ ಮಂಕಾಗಬಹುದು, ತಳದಲ್ಲಿ ಬಿಳಿ ಗಷ್ಟು ಕೂರಬಹುದು. ಆ ಗಷ್ಟು ನಿಮ್ಮ ಔಷಧವೇ. ಉಪ್ಪುನೀರಿಗೆ ಕ್ಲೋರ್‌ಹೆಕ್ಸಿಡಿನ್ ಹಾಕಿ "ಡಬಲ್ ಪವರ್" ಮಾಡಿಕೊಳ್ಳುವವರಿಗೂ ಇದೇ ಗತಿ, ಉಪ್ಪು ಎಂದರೆ ಕ್ಲೋರೈಡ್. ಎರಡೂ ಬೇಕಿದ್ದರೆ ಬೇರೆ ಬೇರೆ ಹೊತ್ತಿನಲ್ಲಿ.

ಹಾಗಾದರೆ ಉರಿ ಅನ್ನಿಸಿದರೆ? ಬಾಯಿಯ ಒಳಚರ್ಮ ಕಿತ್ತು ಬರುವಷ್ಟು, ಊಟ ಮಾಡಲಾಗದಷ್ಟು ಉರಿ ಇದ್ದರೆ ಸಮ ನೀರು ಬೆರೆಸಿ ಮುಂದುವರಿಸಬಹುದು ಅಂತ ಕೆಲವು ತಯಾರಿಕೆಯ ಸೂಚನೆಗಳಲ್ಲೇ ಇದೆ. ಷರತ್ತು: ಆಗಲೇ ಬೆರೆಸಿ ಆಗಲೇ ಬಳಸಬೇಕು, ಬೆರೆಸಿ ಬಾಟಲಿಯಲ್ಲಿ ಇಡಬಾರದು. ನೀರು ಶುದ್ಧೀಕರಿಸಿದ್ದು, ಅಂದರೆ ಆರ್‌ಒ ನೀರೋ ಅಂಗಡಿಯ ಕ್ಯಾನ್ ನೀರೋ ಆಗಿರಲಿ, ನೇರ ಬೋರ್‌ವೆಲ್ ಬೇಡ. ಕಾಯಿಸಿದ ಬೋರ್‌ವೆಲ್ ನೀರು ಉಪಾಯವಲ್ಲ. ಕಾಯಿಸಿದರೆ ಸುಣ್ಣದ ಸ್ವಲ್ಪ ಭಾಗ ತಪ್ಪಲೆಗೆ ಅಂಟುತ್ತದೆ, ಕ್ಲೋರೈಡ್-ಸಲ್ಫೇಟ್ ಅಲ್ಲೇ ಇರುತ್ತದೆ. ಬರೀ ಕಹಿ ಅನ್ನುವ ಕಾರಣಕ್ಕೆ ತೆಳ್ಳಗೆ ಮಾಡಬೇಡಿ.

ಇನ್ನು ಹಲ್ಲು ಕಂದಾಗುವುದು. ನಿಜ, ಅದಕ್ಕೂ ಕಾರಣ ಅದೇ ಅಂಟು. ಹಲ್ಲಿನ ಪೊರೆಗೆ ಕೂತ ಅಣು ಕಾಫಿ, ಟೀ, ಅಡಿಕೆ, ವೀಳ್ಯದೆಲೆಗಳ ಟ್ಯಾನಿನ್ ಬಗೆಯ ಬಣ್ಣದ ಪದಾರ್ಥಗಳನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಬಟ್ಟೆಗೆ ಬಣ್ಣ ಹಾಕುವವರು ಮೊದಲು ಪಟಿಕದಲ್ಲಿ ಅದ್ದುತ್ತಾರಲ್ಲ, ಬಣ್ಣ ಹಿಡಿಯಲಿ ಅಂತ, ಹಾಗೆ. ಅಡಿಕೆಯಲ್ಲಿ ಟ್ಯಾನಿನ್ ದಂಡಿಯಾಗಿದೆ. ಎರಡು ವಾರ ಕ್ಲೋರ್‌ಹೆಕ್ಸಿಡಿನ್ ಜೊತೆ ಎಲೆ-ಅಡಿಕೆ ಮುಂದುವರಿದರೆ ಹಲ್ಲಿನ ಸಂದಿ, ಒಸಡಿನ ಅಂಚು, ನಾಲಿಗೆಯ ಹಿಂಭಾಗ ಕಂದಾಗುವುದು ಖಂಡಿತ. ಕಲೆ ಮೇಲ್ಮೈಯದು, ಹಲ್ಲಿನೊಳಗೆ ಇಳಿಯುವುದಿಲ್ಲ, ಪಾಲಿಶಿಂಗ್‌ನಲ್ಲಿ ಹೋಗುತ್ತದೆ. ನಾಲಿಗೆಯದು ತಾನೇ ಹೋಗುತ್ತದೆ. ತೊಂದರೆ ಇರುವುದು ಹಲ್ಲಿನ ಬಣ್ಣದ ಸಿಮೆಂಟ್ ತುಂಬಿಸಿದ ಕಡೆ. ತುಂಬಿದ್ದರ ಅಂಚು ಒರಟಾಗಿದ್ದರೆ ಅಲ್ಲಿ ಸೇರಿದ ಕಂದು ಪಾಲಿಶಿಗೂ ಪೂರ್ತಿ ಬಾರದು, ಮುಂದಿನ ಹಲ್ಲಾದರೆ ಎದ್ದು ಕಾಣುತ್ತದೆ.

ಬಚ್ಚಲುಮನೆಯಲ್ಲಿ ಇನ್ನೊಂದು ಕಡೆಯೂ ಇದೇ ಬಣ್ಣದಾಟ ನಡೆಯುತ್ತದೆ. ಬಾಯಿ ಒರೆಸಿದ ಬಿಳಿ ಟವೆಲನ್ನು ಕ್ಲೋರಿನ್ ಬ್ಲೀಚ್ ಹಾಕಿ ಒಗೆದರೆ ಕಂದು ಕಲೆ ಹುಟ್ಟುತ್ತದೆ. ಎಷ್ಟು ಬ್ಲೀಚ್ ಹಾಕಿದರೆ ಅಷ್ಟು ಗಟ್ಟಿ! ಅದಕ್ಕೇ ಒಂದು ಹಳೆಯ ಬಣ್ಣದ ಬಟ್ಟೆ ಇಟ್ಟುಕೊಳ್ಳಿ.

ಚಿಗುರೆಲೆ_ಮೈಸೂರು

ತುಂಬಾ ಉಪಕಾರ. ಇವತ್ತಿಗೆ ಐದನೇ ದಿನ. ಮೂರು ಸಂದೇಹ ಉಳಿದಿವೆ. ಒಂದು, ಸಾರಿಗೆ ಉಪ್ಪೇ ಇಲ್ಲ ಅಂತ ದೂರು, ಉಳಿದವರಿಗೆ ಸರಿಯಾಗೇ ಇದೆ. ಎರಡು, ಎಲೆ-ಅಡಿಕೆ ಬಿಡಿಸೋದು ಕಷ್ಟ, ಹೊತ್ತು ಬದಲಾಯಿಸಿದರೆ ಸಾಕಾ? ಮೂರು, ಮನೇಲಿ ಏಳು ವರ್ಷದ ಮಗು ಇದೆ, ಅಜ್ಜಿ ಮುಕ್ಕಳಿಸೋದು ನೋಡಿ ನನಗೂ ಬೇಕು ಅನ್ನುತ್ತೆ.

ಒಸಡುನೋಟ

ಉಪ್ಪಿನ ದೂರು ಔಷಧದ್ದೇ. ಕ್ಲೋರ್‌ಹೆಕ್ಸಿಡಿನ್ ಉಪ್ಪು ಮತ್ತು ಕಹಿ ರುಚಿ ಗೊತ್ತಾಗುವುದನ್ನು ಮಂಕು ಮಾಡುತ್ತದೆ. ನಿಲ್ಲಿಸಿದ ಮೇಲೆ ಸರಿಯಾಗುತ್ತದೆ. ಆದರೆ ಬಿಪಿ ಇರುವವರ ವಿಷಯದಲ್ಲಿ ಇದನ್ನು ಸಣ್ಣದು ಅಂತ ಬಿಡಬೇಡಿ. ರುಚಿ ಇಲ್ಲ ಅಂತ ತಟ್ಟೆಯ ಪಕ್ಕ ಉಪ್ಪು ಬಡಿಸಿಕೊಳ್ಳುವುದು, ಉಪ್ಪಿನಕಾಯಿ ಹೆಚ್ಚು ಹಾಕಿಕೊಳ್ಳುವುದು ಶುರುವಾಗುತ್ತದೆ. ಉಪ್ಪಿನ ಅಳತೆ ಅಡುಗೆ ಮಾಡುವವರ ನಾಲಿಗೆಯದೇ ಇರಲಿ, ನಿಂಬೆಹುಳಿ ಕೊಂಚ ಮುಂದೆ ಮಾಡಿ.

ಬಿಪಿಗೆ ಇನ್ನೊಂದು ಎಳೆಯೂ ಇದೆ. ಸೊಪ್ಪು, ಬೀಟ್‌ರೂಟಿನ ನೈಟ್ರೇಟನ್ನು ನೈಟ್ರೈಟ್ ಮಾಡುವುದು ನಾಲಿಗೆಯ ಮೇಲಿನ ಒಳ್ಳೆಯ ಬ್ಯಾಕ್ಟೀರಿಯಾ. ಅದರಿಂದ ರಕ್ತನಾಳ ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಕ್ಲೋರ್‌ಹೆಕ್ಸಿಡಿನ್ ಕೆಟ್ಟದ್ದು ಒಳ್ಳೆಯದು ಅಂತ ನೋಡದೆ ಎಲ್ಲವನ್ನೂ ಕೊಲ್ಲುತ್ತದೆ. ಆರೋಗ್ಯವಂತರ ಮೇಲೆ ಒಂದು ವಾರ ನಡೆದ ಪ್ರಯೋಗದಲ್ಲಿ ಬಿಪಿ ಎರಡು-ಮೂರು ಪಾಯಿಂಟ್ ಏರಿದ್ದು ಕಂಡಿದೆ. ಎರಡು ವಾರಕ್ಕೆ ಹೆದರುವಂಥದ್ದಲ್ಲ, ಬಿಪಿ ಮಾತ್ರೆ ಬದಲಾಯಿಸುವಂಥದ್ದೂ ಅಲ್ಲ. ತಿಂಗಳುಗಟ್ಟಲೆ ಮುಂದುವರಿಸಬಾರದು ಅನ್ನುವುದಕ್ಕೆ ಇದೂ ಒಂದು ಕಾರಣವಾಗಿ ಇಟ್ಟುಕೊಳ್ಳಿ.

ಎಲೆ-ಅಡಿಕೆ ಹೊತ್ತು ಬದಲಾಯಿಸಿದರೆ ಕಲೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ತಪ್ಪದು, ಏಕೆಂದರೆ ಅಂಟು ಎಂಟು ಗಂಟೆಯ ಮೇಲೂ ಇರುತ್ತದೆ. ಮಧ್ಯಾಹ್ನದ ಊಟದ ನಂತರ ಒಂದೇ ಸಲ, ಆದಮೇಲೆ ನೀರಲ್ಲಿ ಚೆನ್ನಾಗಿ ಮುಕ್ಕಳಿಸುವುದು, ರಾತ್ರಿಯದು ಕಡ್ಡಾಯವಾಗಿ ಬಂದ್. ಇಷ್ಟು ಮಾಡಿಸಬಹುದು. ಮೈಸೂರು ಚಿಗುರೆಲೆಗೆ ನನ್ನ ತಕರಾರಿಲ್ಲ, ತಕರಾರು ಅಡಿಕೆಗೆ. ಹೊಗೆಸೊಪ್ಪು ಇಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮನುಷ್ಯರಿಗೆ ಕ್ಯಾನ್ಸರ್ ತರುವ ಪಟ್ಟಿಗೆ ಸೇರಿಸಿದೆ. ಬಾಯಿ ತೆರೆಯುವುದು ಕಿರಿದಾಗುತ್ತಿದೆಯಾ, ಖಾರ ತಡೆಯಲಾಗುತ್ತಿಲ್ಲವಾ, ಬಿಳಿ ಅಥವಾ ಕೆಂಪು ಮಚ್ಚೆ ಇದೆಯಾ, ಎರಡು ವಾರ ಕಳೆದರೂ ಮಾಯದ ಹುಣ್ಣು ಇದೆಯಾ, ಮುಂದಿನ ಭೇಟಿಯಲ್ಲಿ ಅದನ್ನೂ ನೋಡಿಸಿ. ಮೌತ್‌ವಾಶ್ ಹಾಕಿ ಅಂಥ ಹುಣ್ಣನ್ನು ತಿಂಗಳು ತಳ್ಳಬಾರದು.

ಮಗುವಿಗೆ ಇದು ಬೇಡ. ಆರು ವರ್ಷದ ಒಳಗೆ ಯಾವ ಮೌತ್‌ವಾಶೂ ಬೇಡ, ನುಂಗಿಬಿಡುತ್ತಾರೆ. ಏಳು ವರ್ಷಕ್ಕೆ ಹಲ್ಲು ಹುಳುಕು ಜಾಸ್ತಿ ಇದ್ದರೆ ದಂತವೈದ್ಯರು 0.05% ಸೋಡಿಯಂ ಫ್ಲೋರೈಡ್ ಮುಕ್ಕಳಿಸಲು ಹೇಳಬಹುದು, ದೊಡ್ಡವರು ಎದುರಿಗೆ ನಿಂತು, ಉಗಿಯಲು ಬರುತ್ತದೆ ಅಂತ ಬರೀ ನೀರಲ್ಲಿ ಪರೀಕ್ಷಿಸಿದ ಮೇಲೆ. ನಿಮ್ಮದು ಬೋರ್‌ವೆಲ್ ನೀರು ಅಂದಿರಲ್ಲ, ಕುಡಿಯುವುದೂ ಅದೇ ಆಗಿದ್ದರೆ ಮೊದಲು ನೀರಿನ ಫ್ಲೋರೈಡ್ ಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 1 ಮಿ.ಗ್ರಾಂ ಒಪ್ಪಿಗೆಯ ಮಿತಿ, ಬೇರೆ ನೀರೇ ಇಲ್ಲದಾಗ 1.5. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಮಗು ಅಜ್ಜಿಯ ಬಾಟಲಿಯಿಂದ ಒಂದು ಗುಟುಕು ನುಂಗಿತು ಅಂದರೆ ಗಾಬರಿ ಬೇಡ. ಈ ಔಷಧ ಹೊಟ್ಟೆಯಿಂದ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಹೊಟ್ಟೆ ತೊಳಸೀತು, ನೀರು ಕುಡಿಸಿ, ಬಲವಂತವಾಗಿ ವಾಂತಿ ಮಾಡಿಸಬೇಡಿ. ಅರ್ಧ ಬಾಟಲಿ ಖಾಲಿಯಾಗಿದ್ದರೆ, ಅಥವಾ ಮಗು ಮಂಪರಾಗಿ ತೂರಾಡಿದರೆ ಬಾಟಲಿ ಸಮೇತ ಆಸ್ಪತ್ರೆಗೆ. ಕೆಲವು ತಯಾರಿಕೆಯಲ್ಲಿ ಆಲ್ಕೋಹಾಲ್ ಇರುತ್ತದೆ.

ಬೇವಿನಕಡ್ಡಿ

ಇಷ್ಟೆಲ್ಲ ತಾಪತ್ರಯ ಯಾಕೆ ಸ್ವಾಮಿ? ಉಪ್ಪುನೀರು ಮುಕ್ಕಳಿಸಿದರೆ ಆಗೋದಿಲ್ವಾ? ಮತ್ತೆ ಅರ್ಧ ಗಂಟೆ ಕಾಯಿರಿ ಅಂದಿದೀರಿ, ಎರಡು ಗಂಟೆ ಅಂತ ಓದಿದ ನೆನಪು.

ಔಷಧದಂಗಡಿ_ಮಂಡ್ಯ

ಎರಡು ಗಂಟೆಯೂ ಸುಳ್ಳಲ್ಲ. ಪೇಸ್ಟಿನ ನೊರೆಯ ಪದಾರ್ಥ ಬಾಯಲ್ಲಿ ಎಷ್ಟು ಹೊತ್ತು ಅಡ್ಡಿ ಮಾಡುತ್ತದೆ ಎಂಬುದರಲ್ಲಿ ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಅಭಿಪ್ರಾಯವಿದೆ. ಮೇಲೆ ಹೇಳಿದ ಬೆಳಗಿನ ವೇಳಾಪಟ್ಟಿಯಲ್ಲಿ, ನಡುವೆ ತಿಂಡಿ ಬರುವುದರಿಂದ, ಒಂದೂವರೆ ಗಂಟೆ ತಾನಾಗಿ ಆಗುತ್ತದೆ. ರಾತ್ರಿ ಅಷ್ಟು ಕಾಯಲಾಗದವರು ನೊರೆ ಬಾರದ, ಆ ಸಲ್ಫೇಟ್ ಇಲ್ಲದ ಪೇಸ್ಟ್ ತಗೊಳ್ಳಲಿ. ಇಲ್ಲವೇ ಆ ಎರಡು ವಾರ ರಾತ್ರಿ ಪೇಸ್ಟಿಲ್ಲದೆ ಬರೀ ಒದ್ದೆ ಬ್ರಶ್ಶಿನಲ್ಲಿ ಉಜ್ಜಿ, ನೀರಲ್ಲಿ ತೊಳೆದು, ಕೂಡಲೇ ಮೌತ್‌ವಾಶ್ ಹಾಕಲಿ. ಬೆಳಿಗ್ಗೆ ಪೇಸ್ಟ್ ಇದ್ದೇ ಇದೆಯಲ್ಲ.

ಉಪ್ಪುನೀರು ಒಳ್ಳೆಯದೇ: ಒಂದು ಲೋಟ, ಅಂದರೆ 250 ಮಿ.ಲೀ. ಬೆಚ್ಚನೆ ನೀರಿಗೆ ಅರ್ಧ ಟೀ ಚಮಚ. ನೋವು-ಊತಕ್ಕೆ ಹಿತ, ಸಂದಿಯ ಕೂಳು ತೊಳೆಯುತ್ತದೆ. ಆದರೆ ಅದು ಉಗಿದ ಕೂಡಲೇ ಹೋಯಿತು, ಅಂಟಿ ನಿಲ್ಲುವುದಿಲ್ಲ. ಹಲ್ಲು ಕೀಳಿಸಿದ ಮೊದಲ 24 ಗಂಟೆ ಮಾತ್ರ ಉಪ್ಪುನೀರೂ ಬೇಡ, ಮೌತ್‌ವಾಶೂ ಬೇಡ, ಜೋರಾಗಿ ಉಗಿಯುವುದೂ ಬೇಡ. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಕಿತ್ತುಬಂದರೆ ಮೂಳೆ ಬಯಲಾಗಿ ಮೂರು-ನಾಲ್ಕನೇ ದಿನಕ್ಕೆ ಕಿವಿಯವರೆಗೆ ಸಿಡಿಯುವ ನೋವು. ಆಮೇಲೂ ಬಾಯಲ್ಲಿ ತುಂಬಿಕೊಂಡು ತಲೆ ಆಚೀಚೆ ವಾಲಿಸಿ, ಬಾಯಿ ತೆರೆದು ತಾನಾಗಿ ಸುರಿಯಲು ಬಿಡುವುದು, ಅಷ್ಟೇ.

ರಸಾಯನ_ಮೇಷ್ಟ್ರು

ಮಲಗಿದಲ್ಲೇ ಇರುವ ಹಿರಿಯರಿಗೆ, ಉಗಿಯಲು ಬಾರದವರಿಗೆ ಬಾಯಿಗೆ ಸುರಿಯಬಾರದು, ಶ್ವಾಸನಾಳಕ್ಕೆ ಹೋದೀತು. ಗಾಜ್ ಬಟ್ಟೆ ಅದ್ದಿ, ಹಿಂಡಿ, ಒಸಡಿನ ಅಂಚಿಗೆ ಒತ್ತಿ ಒರೆಸುವುದು. ಅಜ್ಜಿಗೆ ಬೇಕಾಗದಿದ್ದರೂ ಹುಡುಕಿಕೊಂಡು ಬಂದು ಓದುವವರಿಗೆ ಇರಲಿ ಅಂತ ಹೇಳಿದೆ. ಕಣ್ಣಿಗೆ, ಒಳಗಿನ ತಮಟೆ ತೂತಾದ ಕಿವಿಗೆ ಹನಿ ಕೂಡ ಬೀಳಬಾರದು.

ಒಸಡುನೋಟ

ಅದರ ಜೊತೆ ಅಲರ್ಜಿಯ ಮಾತು. ಅಪರೂಪ, ಆದರೆ ಆದಾಗ ಬೇಗ ಆಗುತ್ತದೆ: ಮೈ ತುರಿಕೆ, ದದ್ದು, ತುಟಿ-ನಾಲಿಗೆ ಊತ, ಉಸಿರು ಕಟ್ಟುವುದು. ಬಾಯಿ ತೊಳೆದು 108ಕ್ಕೆ ಕರೆ ಮಾಡಿ, ಮತ್ತೆಂದೂ ಯಾವ ರೂಪದಲ್ಲೂ ಕ್ಲೋರ್‌ಹೆಕ್ಸಿಡಿನ್ ಬೇಡ. ಆಪರೇಷನ್‌ಗೆ ಮುಂಚೆ ಚರ್ಮ ಒರೆಸುವ ದ್ರಾವಣಗಳಲ್ಲೂ ಅದೇ ಇರುತ್ತದೆ, ಹಾಗಾಗಿ ಮುಂದೆ ಎಲ್ಲ ವೈದ್ಯರಿಗೂ ತಿಳಿಸಬೇಕು. ಕಿವಿಯ ಕೆಳಗೆ ದವಡೆ ಊದಿಕೊಂಡರೆ ಅದು ಜೊಲ್ಲುಗ್ರಂಥಿಯ ಊತ. ಅದೂ ಅಪರೂಪ, ನಿಲ್ಲಿಸಿದರೆ ಇಳಿಯುತ್ತದೆ.

ಹದಿನೈದನೇ ದಿನದಿಂದ ಏನು ಮಾಡಬೇಕು ಅನ್ನುವುದು ಬಾಕಿ ಇದೆ. ಬಾಟಲಿ ಎತ್ತಿಡಿ. ಮೆತ್ತನೆ ಬ್ರಶ್ಶನ್ನು ಒಸಡಿನ ಅಂಚಿಗೆ 45 ಡಿಗ್ರಿ ವಾಲಿಸಿ ಎರಡು ನಿಮಿಷ, ಹಲ್ಲಿನ ಸಂದಿಗೆ ಸಂದಿಬ್ರಶ್ (ತಂತಿಗೆ ಕೂದಲು ಸುತ್ತಿದ ಪುಟ್ಟ ಬ್ರಶ್) ದಿನಕ್ಕೊಂದು ಸಲ. ಈ ವಯಸ್ಸಿಗೆ ಒಸಡು ಜಾರಿ ಸಂದಿ ಅಗಲವಾಗಿರುತ್ತದೆ, ದಾರಕ್ಕಿಂತ ಸಂದಿಬ್ರಶ್ ಅನುಕೂಲ. ತಂತಿ ಹಲ್ಲಿಗೆ ತಾಗದೆ ಕೂದಲು ಮಾತ್ರ ತಾಗುವಷ್ಟು ಗಾತ್ರ ಇರಬೇಕು, ಒತ್ತಿ ತೂರಿಸಬೇಕಾದರೆ ಅದು ದಪ್ಪದ್ದು. ನಾಲಿಗೆ ಹೆರೆಯುವುದನ್ನು ಬಿಡಬೇಡಿ, ಬಾಯಿವಾಸನೆಯ ದೊಡ್ಡ ಪಾಲು ಬರುವುದು ನಾಲಿಗೆಯ ಹಿಂಭಾಗದಿಂದ. ದಿನನಿತ್ಯಕ್ಕೆ ಮೌತ್‌ವಾಶ್ ಬೇಕೇಬೇಕು ಅನ್ನಿಸಿದರೆ ಸೆಟೈಲ್ ಪಿರಿಡಿನಿಯಂ ಜಾತಿಯದು ಸಾಕು.

ಆರರಿಂದ ಎಂಟು ವಾರಕ್ಕೆ ಒಸಡಿನ ಸಂದಿ ಅಳೆಸಲು ಮತ್ತೆ ಹೋಗಿ, ಕಂದು ಕಲೆ ಉಳಿದಿದ್ದರೆ ಅದೇ ಭೇಟಿಯಲ್ಲಿ ಪಾಲಿಶ್ ಆಗುತ್ತದೆ. ಮೊದಲು ತೋರಿಸಿದ ಕಡೆ ದೂರವಾದರೆ ಮೈಸೂರಿನ ಬನ್ನಿಮಂಟಪದ ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಿ ಒಸಡಿನದೇ ವಿಭಾಗ ಇದೆ. ಕಾಲೇಜು ಆಸ್ಪತ್ರೆಯಲ್ಲಿ ಸರದಿ ಉದ್ದ ಇರಬಹುದು, ಬೆಳಿಗ್ಗೆಯೇ ಹೋಗಿ. ಹಳೆಯ ಚೀಟಿ, ಎಕ್ಸ್‌ರೇ ಇದ್ದರೆ ಜೊತೆಗೆ ಇರಲಿ.

ಚಿಗುರೆಲೆ_ಮೈಸೂರು

ಸರಿ. ಬೆಟಾಡಿನ್ ಬಾಟಲಿ ಕಪಾಟಿಂದ ತೆಗೆದಾಯ್ತು, ಅಳತೆಗೆ ಸಿರಪ್ ಚಮಚ ಇಟ್ಟಾಯ್ತು. ಎರಡನೇ ಲೋಟ ಕಾಫಿ ಮುಂಚಿತವಾಗಿ ಕುಡಿಸೋದೊಂದೇ ಇನ್ನೂ ಮಾತುಕತೆಯಲ್ಲಿದೆ.